ಇನ್ನೂರು ಗ್ರಾಂ ಎಣ್ಣೆಯ ಲೆಕ್ಕ

(ಉಡುಪಿಯಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಸಣ್ಣ ಉದ್ದಿಮೆ ನಡೆಸುವವರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ದ್ವಿತೀಯ ಪಿಯುಸಿಯಲ್ಲಿ ಗಣಿತ ಓದಿದವರೆಲ್ಲ ಈ ಬಗೆಯ ಲೆಕ್ಕವನ್ನು ಒಮ್ಮೆಯಾದರೂ ಮಾಡಿರುತ್ತೀರಿ. ಎರಡು ಬಗೆಯ ಸರಕು, ಎರಡೋ ಮೂರೋ ಮಿತಿಗಳು, ಗ್ರಾಫ್ ಹಾಳೆಯ ಮೇಲೆ ಅಷ್ಟೇ ಗೆರೆಗಳು. ಗೆರೆಗಳು ಸುತ್ತುವರಿದ ಜಾಗಕ್ಕೆ ಪೆನ್ಸಿಲ್ಲಿನಿಂದ ಬಣ್ಣ ತುಂಬಿ, ಮೂಲೆಗಳನ್ನು ಗುರುತಿಸಿ, ಪ್ರತಿ ಮೂಲೆಯಲ್ಲಿ ಲಾಭ ಎಷ್ಟೆಂದು ಪಟ್ಟಿ ಮಾಡಿ, ದೊಡ್ಡ ಸಂಖ್ಯೆಯ ಸುತ್ತ ಒಂದು ಚೌಕ ಹಾಕುತ್ತೇವೆ. ಅಲ್ಲಿಗೆ ಪುಸ್ತಕ ಮುಚ್ಚುತ್ತೇವೆ. ನಾನು ಇವತ್ತು ಮಾತನಾಡಲು ಬಂದಿರುವುದು ಆ ಚೌಕ ಹಾಕಿದ ಮೇಲೆ ಮಾಡಬೇಕಾದ ಕೆಲಸದ ಬಗ್ಗೆ.

ಮಿತಿಗಳ ಒಳಗೇ ಅತಿ ಹೆಚ್ಚು ಲಾಭವನ್ನೋ ಅತಿ ಕಡಿಮೆ ಖರ್ಚನ್ನೋ ಹುಡುಕುವ ಈ ಬಗೆಯ ಲೆಕ್ಕಕ್ಕೆ ಲೀನಿಯರ್ ಪ್ರೋಗ್ರಾಮಿಂಗ್ ಎಂದು ಹೆಸರು. ಚೌಕ ಹಾಕಿದ ಮೇಲಿನ ಕೆಲಸಕ್ಕೆ ಅದರಲ್ಲಿ ಸಂವೇದನಾ ವಿಶ್ಲೇಷಣೆ ಎನ್ನುತ್ತಾರೆ. ಹೆಸರು ಭಾರವಾಗಿದೆ, ಕೇಳುವ ಪ್ರಶ್ನೆ ಸರಳ. ಲೆಕ್ಕಕ್ಕೆ ನಾವು ಕೊಟ್ಟ ಸಂಖ್ಯೆ ಸ್ವಲ್ಪ ಆಚೀಚೆ ಆದರೆ ಉತ್ತರಕ್ಕೆ ಏನಾಗುತ್ತದೆ? ಎಷ್ಟು ಆಚೀಚೆ ಆಗುವವರೆಗೆ ಏನೂ ಆಗುವುದಿಲ್ಲ? ಈ ವಿಷಯವನ್ನು ಬಹಳ ವರ್ಷ ಪಾಠ ಮಾಡಿದ ನನಗೆ ಉತ್ತರಕ್ಕಿಂತ ಈ ಪ್ರಶ್ನೆಯೇ ದೊಡ್ಡದೆಂದು ತೋರುತ್ತದೆ. ಉತ್ತರ ಒಂದು ದಿನದ್ದು. ನಾಳೆ ಹಲಸಿನಕಾಯಿಯ ಬೆಲೆ ಬೇರೆ, ಕೆಲಸಕ್ಕೆ ಬರುವವರ ಸಂಖ್ಯೆ ಬೇರೆ. ನಮ್ಮನ್ನು ಹಿಡಿದು ನಿಲ್ಲಿಸಿರುವ ಮಿತಿ ಯಾವುದು, ಅದನ್ನು ಒಂದಿಷ್ಟು ಸಡಿಲಿಸಿದರೆ ಎಷ್ಟು ಸಿಗುತ್ತದೆ ಎಂಬ ತಿಳಿವಳಿಕೆ ಮಾತ್ರ ನಾಳೆಗೂ ಬರುತ್ತದೆ.

ಬೋರ್ಡಿನ ಮೇಲೆ ಅಕ್ಷರಗಳನ್ನು ಬರೆಯುವ ಮೊದಲು ನಿಮ್ಮನ್ನು ಹಿರಿಯಡ್ಕದ ಕಡೆಯ ಒಂದು ಮನೆಗೆ ಕರೆದುಕೊಂಡು ಹೋಗುತ್ತೇನೆ. ಮನೆಯ ಹಿಂದೆ ಶೀಟು ಹಾಕಿದ ಒಂದು ಶೆಡ್. ಅಲ್ಲಿ ಚಿಪ್ಸ್ ಮಾಡುತ್ತಾರೆ. ನಡೆಸುವವರನ್ನು ಊರಿನವರೆಲ್ಲ ಅಕ್ಕ ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಹಲಸಿನ ಕಾಲದಲ್ಲಿ ಎರಡು ಬಗೆ: ಹಲಸಿನ ಚಿಪ್ಸ್, ನೇಂದ್ರ ಬಾಳೆಕಾಯಿ ಚಿಪ್ಸ್. ಐದು ಮಂದಿ ಹೆಂಗಸರು ಕೊಯ್ಯಲು ಕುಳಿತುಕೊಳ್ಳುತ್ತಾರೆ. ಬಾಣಲೆಯ ಹತ್ತಿರ ಅಕ್ಕನೇ ನಿಲ್ಲುತ್ತಾರೆ, ಆ ಕೆಲಸವನ್ನು ಬೇರೆಯವರಿಗೆ ಬಿಡುವುದಿಲ್ಲ. ಉಪ್ಪುನೀರು ಬಿದ್ದ ಕೂಡಲೇ ಕಾದ ಎಣ್ಣೆ ಭೋರೆಂದು ಏಳುತ್ತದೆ. ಆ ಸದ್ದು ನಿಧಾನಕ್ಕೆ ಇಳಿದು, ಸಣ್ಣ ಚಟಪಟಕ್ಕೆ ಬಂದಾಗ ಚಿಪ್ಸ್ ಆಯಿತೆಂದು ಅರ್ಥ. ಅಕ್ಕ ಬಣ್ಣ ನೋಡುವುದಿಲ್ಲ, ಸದ್ದು ಕೇಳಿ ತೆಗೆಯುತ್ತಾರೆ.

ಬಾಳೆಕಾಯಿ ಸುಲಭ. ಸಿಪ್ಪೆ ತೆಗೆದು ನೇರವಾಗಿ ಎಣ್ಣೆಯ ಮೇಲೆಯೇ ಹೆರೆಯಬಹುದು. ಹಲಸು ಹಾಗಲ್ಲ. ಬಲಿತ ಕಾಯಿಯನ್ನು ಸೀಳಬೇಕು, ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಳ್ಳಬೇಕು, ಮೇಣ ಒರೆಸಬೇಕು, ಗೂಂಜು ತೆಗೆಯಬೇಕು, ಸೊಳೆ ಬಿಡಿಸಬೇಕು, ಬೀಜ ಬೇರೆ ಮಾಡಬೇಕು, ಆಮೇಲೆ ಸೊಳೆಯನ್ನು ಒಂದೇ ಅಳತೆಗೆ ಉದ್ದುದ್ದ ಸೀಳಬೇಕು. ಒಂದು ಎಳೆ ದಪ್ಪ, ಒಂದು ತೆಳು ಆದರೆ ಬಾಣಲೆಯಲ್ಲಿ ಅರ್ಧ ಕರಟುತ್ತದೆ, ಅರ್ಧ ಮೆತ್ತಗೆ ಉಳಿಯುತ್ತದೆ. ನಾನು ಗಡಿಯಾರ ಹಿಡಿದು ಕುಳಿತು ಅಳೆದೆ. ಒಂದು ಕಿಲೋ ಹಲಸಿನ ಚಿಪ್ಸ್‌ಗೆ ಕೊಯ್ಯುವ ಕೆಲಸ ಎರಡು ಗಂಟೆ, ಒಂದು ಕಿಲೋ ಬಾಳೆಕಾಯಿ ಚಿಪ್ಸ್‌ಗೆ ಒಂದು ಗಂಟೆ. ಇಲ್ಲಿ ಹೇಳುವ ಸಂಖ್ಯೆಗಳನ್ನು ಕೈಲೆಕ್ಕಕ್ಕೆ ಅನುಕೂಲವಾಗುವಂತೆ ದುಂಡು ಮಾಡಿದ್ದೇನೆ.

ಐದು ಮಂದಿ, ಎಂಟು ಗಂಟೆ. ಕೊಯ್ಯಲು ಒಟ್ಟು 40 ಗಂಟೆ ಸಿಗುತ್ತದೆ. ಒಲೆ ಒಂದೇ, ಬಾಣಲೆ ಒಂದೇ, ದಿನಕ್ಕೆ 7 ಗಂಟೆ ಉರಿಯುತ್ತದೆ. ಯಾವ ಚಿಪ್ಸ್ ಆದರೂ ಕಿಲೋಗೆ ಕಾಲು ಗಂಟೆ ಬೇಕು, ಆದ್ದರಿಂದ ಒಲೆಯ ಮಿತಿ 28 ಕಿಲೋ. ಇನ್ನು ಎಣ್ಣೆ. ಬಾಣಲೆಯಲ್ಲಿ ಉಳಿಯುವುದನ್ನು ಬಿಟ್ಟು, ಚಿಪ್ಸ್ ಹೀರಿಕೊಳ್ಳುವುದಕ್ಕೆಂದು ಅಕ್ಕ ದಿನಕ್ಕೆ 11 ಕಿಲೋ ತೆಂಗಿನೆಣ್ಣೆ ಅಳೆದಿಡುತ್ತಾರೆ. ಹಲಸು ಕಿಲೋಗೆ 400 ಗ್ರಾಂ ಹೀರುತ್ತದೆ, ಬಾಳೆಕಾಯಿ 300 ಗ್ರಾಂ. ಕಾಯಿ, ಎಣ್ಣೆ, ಗ್ಯಾಸ್, ಪ್ಯಾಕೆಟಿನ ಖರ್ಚು ಕಳೆದು ಹಲಸಿನ ಚಿಪ್ಸ್‌ನಲ್ಲಿ ಕಿಲೋಗೆ 120 ರೂಪಾಯಿ, ಬಾಳೆಕಾಯಿಯಲ್ಲಿ 80 ರೂಪಾಯಿ ಉಳಿಯುತ್ತದೆ. ಐವರ ಕೂಲಿಯನ್ನು ಇದರಲ್ಲಿ ಕಳೆದಿಲ್ಲ. ಅದು ದಿನದ ಲೆಕ್ಕ, ಹೇಗಿದ್ದರೂ ಕೊಡಬೇಕಾದದ್ದು. ಈ ಮಾತನ್ನು ಒಂದು ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗ್ರಾಫ್ ಹಾಕಿದರೆ, ಏನೂ ಮಾಡದ ಸೊನ್ನೆಯ ಮೂಲೆಯನ್ನು ಬಿಟ್ಟು, ಮೂಲೆಗಳು ಮೂರು. ಬರೀ ಹಲಸು ಮಾಡಿದರೆ 20 ಕಿಲೋ, 2,400 ರೂಪಾಯಿ. ಬರೀ ಬಾಳೆಕಾಯಿ ಮಾಡಿದರೆ 28 ಕಿಲೋ, 2,240 ರೂಪಾಯಿ. ಕೊಯ್ಯುವ ಗಂಟೆ ಮತ್ತು ಒಲೆ ಎರಡೂ ಪೂರ್ತಿ ಖರ್ಚಾಗುವ ಮೂಲೆಯಲ್ಲಿ ಹಲಸು 12 ಕಿಲೋ, ಬಾಳೆಕಾಯಿ 16 ಕಿಲೋ, ಲಾಭ 2,720 ರೂಪಾಯಿ. ಅಲ್ಲಿ ಎಣ್ಣೆ 9.6 ಕಿಲೋ ಸಾಕು, 1.4 ಕಿಲೋ ಉಳಿಯುತ್ತದೆ. ಚೌಕ ಹಾಕಿ ಆಯಿತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ಬರುತ್ತೇನೆ. 1945ರಲ್ಲಿ ಜಾರ್ಜ್ ಸ್ಟಿಗ್ಲರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಒಂದು ಲೆಕ್ಕ ಮುಂದಿಟ್ಟರು. 77 ಬಗೆಯ ಆಹಾರ, 9 ಪೋಷಕಾಂಶಗಳು. ಒಬ್ಬ ಮನುಷ್ಯನಿಗೆ ವರ್ಷಕ್ಕೆ ಬೇಕಾದ ಪೋಷಣೆಯನ್ನು ಅತಿ ಕಡಿಮೆ ಖರ್ಚಿನಲ್ಲಿ ಕೊಡುವುದು ಹೇಗೆ? ಇಂತಹ ಲೆಕ್ಕಕ್ಕೆ ಒಂದು ಖಚಿತ ವಿಧಾನ ಅವರಿಗೆ ಗೊತ್ತಿರಲಿಲ್ಲ. ಅವರು ಜಾಣತನದಿಂದ ಹುಡುಕುತ್ತ ಹೋಗಿ 1939ರ ಬೆಲೆಯಲ್ಲಿ 39.93 ಡಾಲರ್ ಎಂದು ಹೇಳಿದರು. 1947ರಲ್ಲಿ ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಜಿಗ್, ಮೂಲೆಯಿಂದ ಮೂಲೆಗೆ ಸಾಗುತ್ತ ಇಂತಹ ಲೆಕ್ಕ ಬಿಡಿಸುವ ಸಿಂಪ್ಲೆಕ್ಸ್ ವಿಧಾನವನ್ನು ಕಂಡುಹಿಡಿದ ಮೇಲೆ, ಅದರ ಮೊದಲ ದೊಡ್ಡ ಪರೀಕ್ಷೆಗಳಲ್ಲಿ ಒಂದಾಗಿ ಇದೇ ಲೆಕ್ಕವನ್ನು ತೆಗೆದುಕೊಂಡರು. ಮೇಜಿನ ಮೇಲಿನ ಕೈಗಣಕ ಯಂತ್ರಗಳನ್ನು ಹಿಡಿದು ಒಂಬತ್ತು ಗುಮಾಸ್ತರು ಕುಳಿತರು. ಸುಮಾರು 120 ಆಳುದಿನಗಳ ದುಡಿಮೆಯ ನಂತರ ಬಂದ ಉತ್ತರ 39.69 ಡಾಲರ್. ಸ್ಟಿಗ್ಲರ್ ಅವರ ಅಂದಾಜಿಗೂ ಇದಕ್ಕೂ ವರ್ಷಕ್ಕೆ 24 ಸೆಂಟ್ ಅಂತರ.

ಈ ಕತೆಯನ್ನು ಎಲ್ಲರೂ ಆ 24 ಸೆಂಟ್‌ಗಾಗಿ ಹೇಳುತ್ತಾರೆ. ನನ್ನ ಮನಸ್ಸು ನಿಲ್ಲುವುದು ಆ ಗುಮಾಸ್ತರ ಮೇಜಿನ ಬಳಿ. ಉತ್ತರ ಬಂದ ಮರುದಿನ ಗೋಧಿ ಹಿಟ್ಟಿನ ಬೆಲೆ ಏರಿತು ಎಂದಿಟ್ಟುಕೊಳ್ಳಿ. ಮತ್ತೆ 120 ಆಳುದಿನ ದುಡಿಯಬೇಕೇ? ಬೇಡ. ಸಿಂಪ್ಲೆಕ್ಸ್ ಮುಗಿದಾಗ ಉಳಿಯುವ ಕೊನೆಯ ಕೋಷ್ಟಕದಲ್ಲಿಯೇ ಆ ಮುಂದಿನ ಪ್ರಶ್ನೆಗಳ ಉತ್ತರವೂ ಇರುತ್ತದೆ. ಓದಲು ಗೊತ್ತಿರಬೇಕು, ಅಷ್ಟೇ. ಇವತ್ತು ಕಂಪ್ಯೂಟರ್ ಕ್ಷಣದಲ್ಲಿ ಮರುಲೆಕ್ಕ ಹಾಕುತ್ತದೆ, ಹಾಗಾಗಿ ಆ ಓದು ಬೇಡವೆಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನೂರು ಸಲ ಮರುಲೆಕ್ಕ ಹಾಕಿದರೆ ನೂರು ಉತ್ತರ ಕೈಗೆ ಬರುತ್ತದೆ. ಯಾವ ಮಿತಿ ನಮ್ಮನ್ನು ಕಟ್ಟಿಹಾಕಿದೆ ಎಂಬುದು ಆ ನೂರರಲ್ಲಿ ಎಲ್ಲೋ ಹುದುಗಿರುತ್ತದೆ.

ಮೊದಲು ಲಾಭದ ಸಂಖ್ಯೆಯನ್ನು ಅಲ್ಲಾಡಿಸಿ ನೋಡೋಣ. ಹಲಸಿನ ಕಾಲ ಮುಗಿಯುತ್ತ ಬಂದಂತೆ ಒಳ್ಳೆಯ ಕಾಯಿ ದುಬಾರಿಯಾಗುತ್ತದೆ. 120 ರೂಪಾಯಿ ಲಾಭ 100ಕ್ಕೆ ಇಳಿಯಿತು. ಅಕ್ಕ ಹಲಸನ್ನು ಕಡಿಮೆ ಮಾಡಬೇಕೇ? ಗ್ರಾಫಿನ ಮೇಲೆ ಒಂದು ಅಳತೆಪಟ್ಟಿಯನ್ನು ಆ ಮೂಲೆಗೆ ತಾಗಿಸಿ ಇಟ್ಟಿದ್ದೀರಿ ಎಂದುಕೊಳ್ಳಿ. ಲಾಭದ ಅನುಪಾತ ಬದಲಾದರೆ ಪಟ್ಟಿ ಆ ಮೂಲೆಯನ್ನೇ ಹಿಡಿದುಕೊಂಡು ತಿರುಗುತ್ತದೆ. ಅದು ಒಲೆಯ ಗೆರೆಗೆ ಅಥವಾ ಕೊಯ್ಯುವ ಗೆರೆಗೆ ಸಮನಾಗಿ ಮಲಗುವವರೆಗೆ ಮೂಲೆ ಬದಲಾಗುವುದಿಲ್ಲ. ಲೆಕ್ಕ ಹಾಕಿದರೆ, ಬಾಳೆಕಾಯಿಯ 80 ಹಾಗೆಯೇ ಇದ್ದಾಗ, ಹಲಸಿನ ಲಾಭ 80ರಿಂದ 160ರವರೆಗೆ ಎಲ್ಲಿದ್ದರೂ 12 ಮತ್ತು 16 ಕಿಲೋ ಎಂಬ ಯೋಜನೆಯೇ ಸರಿ. ಅಕ್ಕನ ಕೈಗೆ ಬರುವ ಹಣ ಕಡಿಮೆಯಾಗುತ್ತದೆ. 2,720 ಇದ್ದದ್ದು 2,480 ಆಗುತ್ತದೆ. ಮಾಡುವ ಕೆಲಸ ಬದಲಾಗುವುದಿಲ್ಲ. 80ರ ಕೆಳಗಿಳಿದರೆ ಹಲಸನ್ನು ಪೂರ್ತಿ ಬಿಟ್ಟು 28 ಕಿಲೋ ಬಾಳೆಕಾಯಿ ಮಾಡಬೇಕು. 160 ದಾಟಿದರೆ ಬರೀ ಹಲಸು, ಒಲೆ ಎರಡು ಗಂಟೆ ಸುಮ್ಮನೆ ಕುಳಿತರೂ ಚಿಂತೆಯಿಲ್ಲ.

ನಮ್ಮ ಕಡೆ ಬೆಲೆಯ ಏರಿಳಿತ ಯಾರಿಗೂ ಹೊಸದಲ್ಲ. ಶಂಕರಪುರದ ಮಲ್ಲಿಗೆಯ ಅಟ್ಟೆಗೆ, ಅಂದರೆ ಹೂ ಮಾರುವ ಒಂದು ಅಳತೆಗೆ, ಇವತ್ತು ಎಷ್ಟು ದರ ಎಂದು ಪ್ರತಿದಿನ ಕೇಳಿಯೇ ಕೇಳುತ್ತಾರೆ. ದರ ಗೊತ್ತಿರಬೇಕು, ನಿಜ. ಆದರೆ ಯಾವ ದರದ ಬದಲಾವಣೆಗೆ ನಾವು ಕೆಲಸವನ್ನೇ ಬದಲಿಸಬೇಕು, ಯಾವುದಕ್ಕೆ ಹಣದ ಪೆಟ್ಟಿಗೆಯನ್ನು ಮಾತ್ರ ನೋಡಿಕೊಂಡರೆ ಸಾಕು ಎಂಬ ವ್ಯತ್ಯಾಸವನ್ನು ಹೆಚ್ಚಿನವರು ಮಾಡುವುದಿಲ್ಲ. ದರ ಬಿದ್ದ ಕೂಡಲೇ ಮಾಡುತ್ತಿದ್ದುದನ್ನು ಬಿಟ್ಟು ಇನ್ನೊಂದಕ್ಕೆ ಹಾರಿ, ವಾರ ಕಳೆದು ಮತ್ತೆ ಹಿಂದಿರುಗಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆ ಹಾರಾಟಕ್ಕೂ ಖರ್ಚಿದೆ.

ಇನ್ನೊಂದು ಎಚ್ಚರಿಕೆ. ಈ 80ರಿಂದ 160 ಎಂಬ ವ್ಯಾಪ್ತಿ, ಉಳಿದೆಲ್ಲ ಹಾಗೆಯೇ ಇದ್ದಾಗ ಒಂದು ಸಂಖ್ಯೆ ಮಾತ್ರ ಬದಲಾದರೆ ಎಂಬ ಷರತ್ತಿನದು. ತೆಂಗಿನೆಣ್ಣೆಯ ಬೆಲೆ 2025ರಲ್ಲಿ ಏರಿದ ರೀತಿ ಕರಾವಳಿಯ ಯಾವ ಅಡುಗೆಮನೆಗೂ ಮರೆತಿರಲಾರದು. ಎಣ್ಣೆ ಕಿಲೋಗೆ 100 ರೂಪಾಯಿ ಏರಿದರೆ ಹಲಸಿನ ಲಾಭ 40 ಇಳಿದು 80 ಆಗುತ್ತದೆ, ಬಾಳೆಕಾಯಿಯದ್ದು 30 ಇಳಿದು 50. ಬಾಳೆಕಾಯಿಗೆ ಒಂಟಿಯಾಗಿ ಲೆಕ್ಕ ಹಾಕಿದ ವ್ಯಾಪ್ತಿ 60ರಿಂದ 120. 50 ಅದರ ಹೊರಗಿದೆ. ಈ ವ್ಯಾಪ್ತಿಗಳನ್ನು ಮೇಲ್ನೋಟಕ್ಕೆ ಓದಿದವರು ಯೋಜನೆ ಕೆಟ್ಟಿತು ಎನ್ನುತ್ತಾರೆ. ಕೆಟ್ಟಿಲ್ಲ. ಎರಡೂ ಒಟ್ಟಿಗೆ ಇಳಿದಿವೆ. ಎಂಬತ್ತನ್ನು ಐವತ್ತರಿಂದ ಭಾಗಿಸಿದರೆ 1.6. ಈ ಅನುಪಾತ ಒಂದು ಮತ್ತು ಎರಡರ ನಡುವೆ ಇರುವವರೆಗೂ ನಮ್ಮ ಮೂಲೆ ಅಲುಗುವುದಿಲ್ಲ. ಲಾಭ 1,760ಕ್ಕೆ ಕುಸಿದಿದೆ, ಅದು ದುಃಖದ ವಿಷಯವೇ. ಆದರೂ ಆ ದಿನಕ್ಕೆ ಅದಕ್ಕಿಂತ ಒಳ್ಳೆಯ ಯೋಜನೆ ಬೇರೆ ಇಲ್ಲ.

ಈಗ ಮಿತಿಗಳ ಕಡೆಗೆ ಬರೋಣ. ನನಗೆ ಈ ವಿಷಯದ ಜೀವ ಇರುವುದು ಇಲ್ಲಿ.

ಒಂದು ದಿನ ಅಕ್ಕ ಕೇಳಿದರು: "ಮಾಸ್ಟ್ರೇ, ಇನ್ನೊಬ್ಬಳನ್ನು ಕೊಯ್ಯಲು ಕರೆಯಬೇಕೋ, ಒಲೆಯನ್ನು ಇನ್ನೊಂದು ಗಂಟೆ ಹೆಚ್ಚು ಉರಿಸಬೇಕೋ? ಯಾವುದರಲ್ಲಿ ಗುಣ ಹೆಚ್ಚು?" ಪಠ್ಯಪುಸ್ತಕದ ಒಂದು ಅಧ್ಯಾಯ ಈ ಒಂದು ಪ್ರಶ್ನೆಯಲ್ಲಿದೆ.

ಕೊಯ್ಯಲು 40ರ ಬದಲು 41 ಗಂಟೆ ಸಿಕ್ಕಿತು ಎಂದುಕೊಳ್ಳಿ. ಹೊಸ ಮೂಲೆ ಎಲ್ಲಿ? ಹಲಸು 13 ಕಿಲೋ, ಬಾಳೆಕಾಯಿ 15 ಕಿಲೋ. ಲಾಭ 2,760. ಒಂದು ಗಂಟೆಗೆ 40 ರೂಪಾಯಿ. ಒಂದು ಕ್ಷಣ ಇಲ್ಲಿ ನಿಲ್ಲಿ. ಆ ಒಂದು ಗಂಟೆಯಲ್ಲಿ ಒಂದು ಕಿಲೋ ಬಾಳೆಕಾಯಿ ಕೊಯ್ದು 80 ರೂಪಾಯಿ ಗಳಿಸಬಹುದಿತ್ತಲ್ಲ ಎಂದು ನಿಮಗೆ ತೋಚಬಹುದು. ಕೊಯ್ಯಬಹುದು, ಕರಿಯುವುದೆಲ್ಲಿ? ಒಲೆ ತುಂಬಿದೆ. ಹಾಗಾಗಿ ಒಂದು ಕಿಲೋ ಬಾಳೆಕಾಯಿಯನ್ನು ಕೆಳಗಿಳಿಸಿ, ಅದರ ಜಾಗದಲ್ಲಿ ಹೆಚ್ಚು ಲಾಭದ ಒಂದು ಕಿಲೋ ಹಲಸನ್ನು ಏರಿಸುತ್ತೇವೆ. 120ರಲ್ಲಿ 80 ಕಳೆದರೆ 40.

ಈಗ ಒಲೆ. ಒಂದು ಗಂಟೆ ಹೆಚ್ಚಿಸಿದರೆ 28ರ ಬದಲು 32 ಕಿಲೋ ಕರಿಯಬಹುದು. ಹೊಸ ಮೂಲೆಯಲ್ಲಿ ಹಲಸು 8 ಕಿಲೋ, ಬಾಳೆಕಾಯಿ 24 ಕಿಲೋ, ಲಾಭ 2,880. ಅಂದರೆ ಒಲೆಯ ಒಂದು ಗಂಟೆಗೆ 160 ರೂಪಾಯಿ. ಹಲಸು ಹೆಚ್ಚಾಗಬೇಕಿತ್ತಲ್ಲ, ಹೆಚ್ಚು ಲಾಭ ಕೊಡುವುದು ಅದೇ ಅಲ್ಲವೇ ಎಂದು ಅಕ್ಕ ಕೇಳಿದ್ದರು. ಒಲೆಗೆ ಬಿಡುವು ಸಿಕ್ಕಿದಾಗ ಬಿಗಿಯಾಗುವುದು ಕೈಗಳು. ಕೈಯ ಗಂಟೆಯನ್ನು ಹೆಚ್ಚು ತಿನ್ನುವುದು ಹಲಸು. ಆದ್ದರಿಂದ ಹಲಸು ಹಿಂದೆ ಸರಿದು ಬಾಳೆಕಾಯಿಗೆ ಜಾಗ ಬಿಡುತ್ತದೆ.

ಈ 40 ಮತ್ತು 160ಕ್ಕೆ ನೆರಳು ಬೆಲೆ ಎನ್ನುತ್ತಾರೆ. ಯಾವ ಅಂಗಡಿಯಲ್ಲೂ ಇವುಗಳ ಚೀಟಿ ಅಂಟಿಸಿರುವುದಿಲ್ಲ. ನಮ್ಮದೇ ಏರ್ಪಾಡು ನಮ್ಮದೇ ಗಂಟೆಗಳಿಗೆ ಕಟ್ಟಿದ ಬೆಲೆ ಇದು. 40 ಗಂಟೆಗೆ 40ರಂತೆ 1,600, 7 ಗಂಟೆಗೆ 160ರಂತೆ 1,120. ಕೂಡಿಸಿ ನೋಡಿ, 2,720. ಲಾಭದ ಒಂದೊಂದು ರೂಪಾಯಿಯೂ ಬಿಗಿಯಾದ ಆ ಎರಡು ಮಿತಿಗಳಲ್ಲಿ ಹಂಚಿಹೋಗಿದೆ. ಮೊದಲ ಸಲ ವಿದ್ಯಾರ್ಥಿಯಾಗಿ ಇದನ್ನು ಕೂಡಿಸಿ ನೋಡಿದ ದಿನ ನನಗಾದ ಸಂತೋಷ ಇವತ್ತಿಗೂ ಹಾಗೆಯೇ ಇದೆ. ಪ್ರತಿ ಲೆಕ್ಕಕ್ಕೂ ಹೀಗೆ ಒಂದು ಜೋಡಿ ಲೆಕ್ಕ ಇರುತ್ತದೆ ಎಂಬ ಮಾತನ್ನು 1947ರಲ್ಲಿ ಡಾಂಟ್ಜಿಗ್ ಅವರಿಗೆ ಹೇಳಿದವರು ಗಣಿತಜ್ಞ ಜಾನ್ ಫಾನ್ ನಾಯ್ಮನ್. ಅದಕ್ಕೂ ಮೊದಲೇ, 1939ರಲ್ಲಿ, ಲೆನಿನ್‌ಗ್ರಾಡಿನಲ್ಲಿ ಲಿಯೊನಿಡ್ ಕಾಂಟೊರೊವಿಚ್ ಎಂಬ ಯುವ ಗಣಿತಜ್ಞರು ಪ್ಲೈವುಡ್ ಉದ್ಯಮದ ಯಂತ್ರಗಳಿಗೆ ಕೆಲಸ ಹಂಚುವ ಲೆಕ್ಕ ಮಾಡುತ್ತ ಇದೇ ಬಗೆಯ ಗುಣಕಗಳನ್ನು ಕಂಡುಕೊಂಡಿದ್ದರು. ಮುಂದೆ ಅವರು ಅವುಗಳನ್ನು ಬೆಲೆ ಎಂದು ಕರೆಯದೆ, ವಸ್ತುನಿಷ್ಠವಾಗಿ ನಿರ್ಧಾರವಾದ ಮೌಲ್ಯ ಎಂದು ಕರೆದರು. 1975ರ ಅರ್ಥಶಾಸ್ತ್ರದ ನೊಬೆಲ್ ಅವರಿಗೂ ಟ್ಯಾಲಿಂಗ್ ಕೂಪ್‌ಮನ್ಸ್ ಅವರಿಗೂ ಸೇರಿ ಬಂತು.

ಎಣ್ಣೆಯ ನೆರಳು ಬೆಲೆ ಎಷ್ಟು? ಸೊನ್ನೆ. ಎಣ್ಣೆ ಅಂಗಡಿಯಲ್ಲಿ ಎಷ್ಟೇ ದುಬಾರಿಯಾಗಿರಲಿ, ದಿನದ ಕೊನೆಗೆ 1.4 ಕಿಲೋ ಉಳಿಯುತ್ತಿರುವಾಗ ಇನ್ನೊಂದು ಕಿಲೋ ತಂದಿಟ್ಟರೆ ಲಾಭ ಒಂದು ಪೈಸೆಯೂ ಹೆಚ್ಚಾಗದು. ಮಲ್ಪೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಬೋಟಿನ ಮಾಲೀಕನಿಗೆ ಒಂದು ಬ್ಲಾಕ್ ಮಂಜುಗಡ್ಡೆ ಹೆಚ್ಚು ಕೊಡುತ್ತೇನೆಂದರೆ ಏನು ಮಾಡಿಯಾನು? ಅದೇ ಮಂಜುಗಡ್ಡೆ, ಮೀನು ಒಳ್ಳೆಯದಾಗಿ ಸಿಕ್ಕಿ ಪೆಟ್ಟಿಗೆ ತುಂಬಿದ ದಿನ ಕಡಲ ನಡುವೆ ಕಡಿಮೆ ಬಿದ್ದರೆ ಅದರ ಬೆಲೆಯೇ ಬೇರೆ. ವಸ್ತು ಬದಲಾಗಿಲ್ಲ. ಯಾವ ಮಿತಿ ಬಿಗಿಯಾಗಿದೆ ಎಂಬುದು ಬದಲಾಗಿದೆ.

ಅಕ್ಕನ ಪ್ರಶ್ನೆಗೆ ಮರಳುತ್ತೇನೆ. ಇನ್ನೊಬ್ಬರು ಎಂಟು ಗಂಟೆ ಕೆಲಸ ಮಾಡಿದರೆ 40ರಂತೆ 320 ರೂಪಾಯಿ ಹೆಚ್ಚು ಬರುತ್ತದೆ. ನಮ್ಮ 120 ಮತ್ತು 80ರಲ್ಲಿ ಕೂಲಿ ಕಳೆದಿಲ್ಲ ಎಂದು ಬರೆದಿಟ್ಟುಕೊಳ್ಳಲು ಹೇಳಿದ್ದೆನಲ್ಲ, ಅದು ಈಗ ಕೆಲಸಕ್ಕೆ ಬರುತ್ತದೆ. ಆರನೆಯವರ ಕೂಲಿ 320ಕ್ಕಿಂತ ಹೆಚ್ಚಾದರೆ, ಈ ಏರ್ಪಾಡಿನಲ್ಲಿ ಅಕ್ಕನಿಗೆ ಕೈಯಿಂದ ಹೋಗುತ್ತದೆ. ಕೂಲಿಯನ್ನು ಮೊದಲೇ ಕಳೆದು ಲಾಭ ಹಿಡಿದಿದ್ದರೆ ಅರ್ಥ ಬೇರೆಯಾಗುತ್ತಿತ್ತು. ಆಗ ನೆರಳು ಬೆಲೆ ಎಂದರೆ ಕೊಡುವ ಕೂಲಿಯ ಮೇಲೆ ಇನ್ನೂ ಎಷ್ಟು ಕೊಡಬಹುದು ಎಂಬುದು. ಈ ಒಂದು ವಿಷಯವನ್ನು ಕೇಳದೆ ನೆರಳು ಬೆಲೆ ಓದುವವರು ತಪ್ಪಿಯೇ ತಪ್ಪುತ್ತಾರೆ.

ಇನ್ನೊಂದು ತಪ್ಪು ಇದಕ್ಕಿಂತಲೂ ಸಾಮಾನ್ಯ. 2,720ನ್ನು 40 ಗಂಟೆಯಿಂದ ಭಾಗಿಸಿ, ಗಂಟೆಗೆ 68 ರೂಪಾಯಿ ಎನ್ನುವುದು. ಆ ಲೆಕ್ಕದಲ್ಲಿ ಆರನೆಯವರು 544 ರೂಪಾಯಿ ತರಬೇಕು. ತರುವುದಿಲ್ಲ. 68 ಸರಾಸರಿ. ಮುಂದಿನ ಗಂಟೆ ಏನು ತರುತ್ತದೆ ಎಂದು ಕೇಳಿದವರಿಗೆ ಈವರೆಗಿನ ಗಂಟೆಗಳ ಸರಾಸರಿ ಹೇಳಬಾರದು.

ಹೀಗೆ ಹೇಳುವಾಗ ನನಗೆ ಒಂದು ಅಳುಕೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಗಂಟೆಗೆ 40 ಎಂದ ಕೂಡಲೇ ಕೊಯ್ಯುವವರ ದುಡಿಮೆಯ ಬೆಲೆ ಅಷ್ಟೇ ಎಂದು ಕೇಳಿಸಬಹುದು. ಅದು ಹಾಗಲ್ಲ. ಒಂದೇ ಒಲೆ ಇರುವ ಈ ಶೆಡ್ಡಿನಲ್ಲಿ ಇನ್ನೊಂದು ಗಂಟೆ ಸಿಕ್ಕಿದರೆ ಲೆಕ್ಕಕ್ಕೆ ಎಷ್ಟು ಸೇರುತ್ತದೆ ಎಂಬುದಷ್ಟೇ ಅದು. ಇನ್ನೊಂದು ಒಲೆ ಇಟ್ಟ ದಿನ ಅದೇ ಕೈಗಳ ಒಂದು ಗಂಟೆಗೆ ಬೇರೆ ಸಂಖ್ಯೆ ಬರುತ್ತದೆ. ಮೇಣ ಅಂಟಿದ ಕೈಗಳಿಗೆ ಯಾವ ಕೂಲಿ ನ್ಯಾಯ ಎಂಬುದನ್ನು ಈ ಕೋಷ್ಟಕ ಹೇಳಲಾರದು, ಅದನ್ನು ಕೇಳಲೂ ಬಾರದು.

ನೆರಳು ಬೆಲೆಯಿಂದ ಹೊಸ ಸರಕನ್ನೂ ತೂಗಿ ನೋಡಬಹುದು. ಮರಗೆಣಸಿನ ಚಿಪ್ಸ್ ಮಾಡಿದರೆ ಹೇಗೆ ಎಂದು ಅಕ್ಕನ ಮಗಳು ಕೇಳಿದಳು. ಕೊಯ್ಯಲು ಅರ್ಧ ಗಂಟೆ, ಒಲೆ ಕಾಲು ಗಂಟೆ, ಕಿಲೋಗೆ ಲಾಭ 50. ಅರ್ಧ ಗಂಟೆ ಕೈಗೆ 20, ಕಾಲು ಗಂಟೆ ಒಲೆಗೆ 40, ಒಟ್ಟು 60. ಅರವತ್ತು ರೂಪಾಯಿಯ ಗಂಟೆಗಳನ್ನು ತಿಂದು ಐವತ್ತು ಕೊಡುತ್ತದೆ. ಬೇಡ. ಲಾಭ 60 ದಾಟಿದ ದಿನ ನೋಡೋಣ. ಇಡೀ ಲೆಕ್ಕವನ್ನು ಮತ್ತೆ ಮಾಡದೆ ಒಂದು ಸಾಲಿನಲ್ಲಿ ಉತ್ತರ ಸಿಕ್ಕಿತು.

ಗಂಟೆಯ ಅಳತೆಯೇ ತಪ್ಪಾಗಿದ್ದರೆ? ಕಾಯಿ ಸರಿಯಿಲ್ಲದ ದಿನ ಹಲಸಿಗೆ ಎರಡರ ಬದಲು ಎರಡೂವರೆ ಗಂಟೆ ಬೇಕಾಗುತ್ತದೆ. ಆಗ ಗೆರೆಯ ಓರೆಯೇ ಬದಲಾಗುತ್ತದೆ, ನೆರಳು ಬೆಲೆಯ ಸುಲಭದ ದಾರಿ ಅಲ್ಲಿ ಸಾಲದು, ಮರುಲೆಕ್ಕವೇ ವಾಸಿ. ಮಾಡಿದರೆ 8 ಮತ್ತು 20 ಕಿಲೋ, ಲಾಭ 2,560.

ಈಗ, ಎಲ್ಲಿಯವರೆಗೆ ಎಂಬ ಪ್ರಶ್ನೆ. ಕಂಪ್ಯೂಟರಿನ ಎಕ್ಸೆಲ್‌ನಲ್ಲಿ ಇಂತಹ ಲೆಕ್ಕ ಬಿಡಿಸಲೆಂದೇ ಇರುವ ಸಾಲ್ವರ್‌ನಲ್ಲಿ ಈ ಲೆಕ್ಕ ಹಾಕಿ ಸಂವೇದನಾ ವರದಿ ಕೇಳಿದರೆ, ನೆರಳು ಬೆಲೆಯ ಪಕ್ಕದಲ್ಲಿ ಇನ್ನೆರಡು ಕಾಲಂಗಳಿರುತ್ತವೆ: ಎಷ್ಟು ಏರಬಹುದು, ಎಷ್ಟು ಇಳಿಯಬಹುದು. ಎಣ್ಣೆಯ ಎದುರು ಏರಿಕೆಯ ಕಾಲಂನಲ್ಲಿ 1ರ ಮುಂದೆ 30 ಸೊನ್ನೆಗಳ ಸಂಖ್ಯೆ ಬರುತ್ತದೆ. ಹೆದರಬೇಡಿ, ಅದಕ್ಕೆ ಮಿತಿಯಿಲ್ಲ ಎಂದು ಹೇಳುವ ರೀತಿ ಅದು. ನನ್ನ ಬಳಿ ವರದಿ ತರುವ ವಿದ್ಯಾರ್ಥಿಗಳು ನೆರಳು ಬೆಲೆಗೆ ಹಳದಿ ಬಣ್ಣ ಹಚ್ಚಿರುತ್ತಾರೆ, ಈ ಎರಡು ಕಾಲಂಗಳನ್ನು ಓದಿಯೇ ಇರುವುದಿಲ್ಲ. ಪ್ಯಾಕೆಟ್ ಇಷ್ಟು, ಆಳು ಇಷ್ಟು ಎಂದು ಪೂರ್ಣಸಂಖ್ಯೆಯ ಷರತ್ತು ಹಾಕಿದರೆ ಸಾಲ್ವರ್ ಆ ವರದಿಯನ್ನೇ ಕೊಡುವುದಿಲ್ಲ, ಅದಕ್ಕೆ ಕಾರಣವಿದೆ. ಇವತ್ತು ಆ ದಾರಿಗೆ ಹೋಗುವುದಿಲ್ಲ.

ಕೊಯ್ಯುವ ಗಂಟೆಗೆ 40 ಎಂಬ ಬೆಲೆ 28 ಗಂಟೆಯಿಂದ 54 ಗಂಟೆಯವರೆಗೆ ನಿಲ್ಲುತ್ತದೆ. ಒಲೆಗೆ 160 ಎಂಬುದು 5 ಗಂಟೆಯಿಂದ ಎಂಟೂ ಮುಕ್ಕಾಲು ಗಂಟೆಯವರೆಗೆ. ಕೆಳಗಿನ ಎರಡು ತುದಿಗಳಲ್ಲಿ ಒಂದು ಬಗೆಯ ಚಿಪ್ಸ್ ಸೊನ್ನೆಗೆ ಬಂದುಬಿಡುತ್ತದೆ. ಮೇಲಿನ ತುದಿಗಳಲ್ಲಿ ಏನಾಗುತ್ತದೆ ನೋಡಿ. ಎರಡೂ ಕಡೆ ಅಡ್ಡ ಬರುವುದು ಎಣ್ಣೆ. ಕೊಯ್ಯುವ ಗಂಟೆ 54 ಆದಾಗಲೂ 11 ಕಿಲೋ ಎಣ್ಣೆ ಮುಗಿಯುತ್ತದೆ, ಒಲೆ ಎಂಟೂ ಮುಕ್ಕಾಲು ಗಂಟೆ ಉರಿದಾಗಲೂ ಮುಗಿಯುತ್ತದೆ. ಇವತ್ತು ಬೆಲೆ ಸೊನ್ನೆ ಎಂದು ನಾವು ಬದಿಗಿಟ್ಟ ಎಣ್ಣೆಯೇ ನಾಳೆಯ ಗೋಡೆ.

ಅಕ್ಕನಿಗೆ ನಾನು ಇಷ್ಟೆಲ್ಲ ಹೇಳಿರಲಿಲ್ಲ. ಆರನೆಯವರನ್ನು ಕರೆದರೆ 48 ಗಂಟೆ, 54ರ ಒಳಗಿದೆ, 320 ರೂಪಾಯಿ ಎಂದೆ. ಒಲೆ 8 ಗಂಟೆ ಉರಿದರೆ ಅದೂ ಒಳಗಿದೆ, 160 ರೂಪಾಯಿ ಎಂದೆ. ಎರಡೂ ನಿಜ. ನೆರೆಮನೆಯ ಹುಡುಗಿ ಬರಲು ಒಪ್ಪಿದ್ದಳು, ಮದುವೆಯ ಮನೆಯೊಂದರ ಆರ್ಡರ್ ಇತ್ತು, ಅಕ್ಕ ಎರಡನ್ನೂ ಒಂದೇ ದಿನ ಮಾಡಿದರು. 480 ಹೆಚ್ಚು ಬರಬೇಕು ಎಂದು ನಾವಿಬ್ಬರೂ ಕೂಡಿಸಿಟ್ಟಿದ್ದೆವು. ಹಲಸು 16 ಕಿಲೋ, ಬಾಳೆಕಾಯಿ 16 ಕಿಲೋ. ಸಂಜೆ ಕೊನೆಯ ಒಂದಿಷ್ಟು ಸೊಳೆ ಕೊಯ್ದು ಬಟ್ಟೆಯ ಮೇಲೆ ಹರವಿತ್ತು. ಅಕ್ಕ ಎಣ್ಣೆಯ ಡಬ್ಬಿಯನ್ನು ಬಾಣಲೆಯ ಮೇಲೆ ಬೋರಲು ಹಿಡಿದು ನಿಂತಿದ್ದರು. ತೊಟ್ಟಿಕ್ಕುವುದೂ ನಿಂತಿತ್ತು.

ಕರಿಯದ ಸೊಳೆ ಮರುದಿನದ ಹೊತ್ತಿಗೆ ಕಪ್ಪಾಗುತ್ತದೆ. ಕೊಯ್ದವರು ಅದನ್ನು ನೋಡುತ್ತ ಕುಳಿತಿದ್ದರು. ತಪ್ಪು ನನ್ನದು. ವ್ಯಾಪ್ತಿಗಳು ಒಂದೊಂದಕ್ಕೆ ಒಂಟಿಯಾಗಿ ಕೊಟ್ಟವು. ಎರಡನ್ನು ಒಟ್ಟಿಗೆ ಬದಲಿಸುವಾಗ ಒಂದು ಸುಲಭ ಪರೀಕ್ಷೆ ಇದೆ: ಪ್ರತಿಯೊಂದೂ ತನಗಿರುವ ಅವಕಾಶದಲ್ಲಿ ಶೇಕಡಾ ಎಷ್ಟನ್ನು ಬಳಸಿಕೊಂಡಿತು ಎಂದು ಕೂಡಿಸಿ, ಮೊತ್ತ ನೂರರೊಳಗಿದ್ದರೆ ನೆರಳು ಬೆಲೆಗಳನ್ನು ನಂಬಬಹುದು. ಗಂಟೆ 14 ಏರಬಹುದಾಗಿದ್ದಲ್ಲಿ 8 ಏರಿದೆ, ಶೇಕಡಾ 57. ಒಲೆ ಒಂದೂ ಮುಕ್ಕಾಲು ಗಂಟೆ ಏರಬಹುದಾಗಿದ್ದಲ್ಲಿ ಒಂದು ಗಂಟೆ ಏರಿದೆ, ಅದೂ ಶೇಕಡಾ 57. ಒಟ್ಟು 114. ನೂರು ದಾಟಿದರೆ ಕೆಟ್ಟೇ ಕೆಡುತ್ತದೆ ಎಂದಲ್ಲ, ಭರವಸೆ ಇಲ್ಲ ಎಂದು. ತರಗತಿಯಲ್ಲಿ ನಾನೇ ಕಲಿಸುತ್ತಿದ್ದ ಪರೀಕ್ಷೆಯನ್ನು ಆ ಶೆಡ್ಡಿನಲ್ಲಿ ಮಾಡಿರಲಿಲ್ಲ.

ಆ ರಾತ್ರಿ ಕುಳಿತು ಲೆಕ್ಕವನ್ನು ಹೊಸದಾಗಿ ಮಾಡಿದೆ. 48 ಗಂಟೆ, 8 ಗಂಟೆಯ ಒಲೆ, 11 ಕಿಲೋ ಎಣ್ಣೆ. ಮೊದಲೇ ತಿಳಿದಿದ್ದರೆ ಮಾಡಬೇಕಾಗಿದ್ದದ್ದು ಹಲಸು 17, ಬಾಳೆಕಾಯಿ 14 ಕಿಲೋ, ಲಾಭ 3,160. ಹೆಚ್ಚಳ 440, ನಾವು ಎಣಿಸಿದ್ದಕ್ಕಿಂತ 40 ಕಡಿಮೆ. ನೆರಳು ಬೆಲೆಗಳು ಪೂರ್ತಿ ಬದಲಾಗಿದ್ದವು. ಕೊಯ್ಯುವ ಗಂಟೆ 40ರಿಂದ 20ಕ್ಕೆ ಇಳಿದಿತ್ತು. 160 ರೂಪಾಯಿ ಬಾಳುತ್ತಿದ್ದ ಒಲೆಯ ಗಂಟೆ ಸೊನ್ನೆಯಾಗಿತ್ತು, ಏಕೆಂದರೆ 17 ಮತ್ತು 14 ಸೇರಿ 31 ಕಿಲೋ ಮಾತ್ರ, ಒಲೆ ಕಾಲು ಗಂಟೆ ಬಿಡುವಾಗಿ ಉಳಿಯುತ್ತದೆ. ಸೊನ್ನೆಯಾಗಿದ್ದ ಎಣ್ಣೆ, ಅಂಗಡಿಯ ಬೆಲೆಯ ಮೇಲೆ, ಕಿಲೋಗೆ 200 ರೂಪಾಯಿ ಆಗಿತ್ತು.

ಈ ಸಲ ವ್ಯಾಪ್ತಿಯನ್ನೂ ನೋಡಿದೆ. 11 ಕಿಲೋದಿಂದ ಮೇಲಕ್ಕೆ ಹೋದರೆ ಎಣ್ಣೆಗೆ ಆ 200 ರೂಪಾಯಿ 11.2 ಕಿಲೋದವರೆಗೆ ಮಾತ್ರ. ಅದನ್ನು ದಾಟಿದರೆ ಒಲೆ ಮತ್ತೆ ತುಂಬುತ್ತದೆ, ಎಣ್ಣೆ ಮತ್ತೆ ಸೊನ್ನೆ. ಅಂದರೆ ಇನ್ನೂರು ಗ್ರಾಂ. ಇನ್ನೂರು ಗ್ರಾಂಗೆ 40 ರೂಪಾಯಿ. ಹರವಿಟ್ಟ ಸೊಳೆಗೆ ಕಡಿಮೆ ಬಿದ್ದದ್ದೂ ಅಷ್ಟೇ ಎಣ್ಣೆ.

ಬೆಳಿಗ್ಗೆ ಫೋನ್ ಮಾಡಿ ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಲು ಕಿಲೋ ಹೆಚ್ಚು ಅಳೆದಿಡುತ್ತೇನೆ ಮಾಸ್ಟ್ರೇ, ಹಾಗಾದರೆ 16 ಮತ್ತು 16 ಆಗುತ್ತದಲ್ಲ?" ಎಂದರು. ಆಗುತ್ತದೆ ಎಂದೆ. ಸಂಜೆ ನಾನು ಅಲ್ಲಿಗೆ ಹೋದಾಗ ಪ್ಯಾಕೆಟ್‌ಗಳಿಗೆ ಮೊಹರು ಹಾಕುತ್ತಿದ್ದರು, ಬಟ್ಟೆಯ ಮೇಲೆ ಸೊಳೆ ಇರಲಿಲ್ಲ, ಡಬ್ಬಿಯ ತಳದಲ್ಲಿ ಸುಮಾರು ಐವತ್ತು ಗ್ರಾಂ ಎಣ್ಣೆ ಉಳಿದಿತ್ತು.